9.5 ಲಕ್ಷಕ್ಕೆ ಹಳೇ ಬೆಂಜ್, 11 ಲಕ್ಷಕ್ಕೆ ಹೊಸತರ ಸಿಟಿ: ಯಾವುದು ತಗೊಳ್ಳಲಿ?

ಕೊಪ್ಪದ ಮಗ

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ನಿದ್ದೆ ಸರಿಯಾಗಿ ಬರುತ್ತಿಲ್ಲ. ಕಾರಣ ಎರಡು ಕಾರು.

ಒಂದು 2013ರ ಮರ್ಸಿಡಿಸ್ ಸಿ 220 ಸಿಡಿಐ. ಬಿಳಿ ಬಣ್ಣ, ಡೀಸೆಲ್, ಆಟೊಮ್ಯಾಟಿಕ್. ಮೀಟರಿನಲ್ಲಿ 78,000 ಕಿ.ಮೀ. ಇದೆ. ಡೀಲರ್ ಕೇಳುತ್ತಿರುವುದು 9.5 ಲಕ್ಷ. ಇನ್ನೊಂದು 2021ರ ಹೋಂಡಾ ಸಿಟಿ. ಪೆಟ್ರೋಲ್, ಸಿವಿಟಿ ಅನ್ನುವ ಆಟೊಮ್ಯಾಟಿಕ್ ಗೇರ್, 41,000 ಕಿ.ಮೀ., ಒಬ್ಬರೇ ಓನರ್, 11 ಲಕ್ಷ.

ಇರುವುದು ವಿಜಯನಗರದಲ್ಲಿ, ಊರು ಕೊಪ್ಪ. ಆಫೀಸಿಗೆ ಮೆಟ್ರೊದಲ್ಲಿ ಹೋಗುತ್ತೇನೆ. ಕಾರು ಬೇಕಿರುವುದು ಭಾನುವಾರಕ್ಕೆ, ಮತ್ತೆ ತಿಂಗಳಿಗೊಮ್ಮೆ ಊರಿಗೆ. ವರ್ಷಕ್ಕೆ 12,000 ಕಿ.ಮೀ. ಆಗಬಹುದು. ಅಪ್ಪನಿಗೆ ಸೊಂಟನೋವು. ಆಸ್ಪತ್ರೆಗೆ ಅಂತ ಅವರನ್ನು ಬೆಂಗಳೂರಿಗೆ ಕರೆತರುವುದೂ ಇರುತ್ತದೆ.

ಹೆಂಡತಿ ಸಿಟಿ ಅನ್ನುತ್ತಾಳೆ. ನನ್ನ ಮನಸ್ಸು ಬೆಂಜ್ ಮೇಲೆ. ಮೂರನೇ ಕ್ಲಾಸಲ್ಲಿದ್ದಾಗ ಒಂದು ಮದುವೆ ಮನೆ ಮುಂದೆ ಬೆಂಜ್ ಬಂದು ನಿಂತಿತ್ತು. ನಾವು ಹುಡುಗರೆಲ್ಲ ಗಾಜಿಗೆ ಮೂಗು ಒತ್ತಿ ಒಳಗೆ ನೋಡಿದ್ದೆವು. ಡ್ರೈವರ್ ಬಂದು ಓಡಿಸಿದ. ಅವತ್ತಿನ ಆಸೆ ಇದು.

ಸುಮ್ನೆ ಬಯ್ಯಬೇಡಿ. ಲೆಕ್ಕ ಕೊಡಿ.

ಹಾಸನ ಬೈಪಾಸ್

ಹೆಂಡತಿ ಮಾತು ಕೇಳಿ. ಚರ್ಚೆ ಮುಗಿಯಿತು.

ಲೆಕ್ಕದ ಮೇಷ್ಟ್ರು

ಲೆಕ್ಕ ಕೇಳಿದ್ದೀರಿ, ಕೊಡುತ್ತೇನೆ.

ಎಣ್ಣೆ ಖರ್ಚಿನಿಂದ ಶುರು ಮಾಡೋಣ, ಎಲ್ಲರೂ ಹೆದರುವುದು ಅದಕ್ಕೇ. ಊರು, ಹೈವೇ ಸೇರಿಸಿ ಎರಡಕ್ಕೂ ಲೀಟರಿಗೆ 12 ಕಿ.ಮೀ. ಅಂತಲೇ ಹಿಡಿಯಿರಿ. ಹೋಂಡಾ ತನ್ನ ಸಿವಿಟಿಗೆ ಹೇಳುವುದು 18.4. ಬೆಂಗಳೂರಿನ ಸಿಗ್ನಲ್‌ಗಳಿಗೆ ಆ ವಿಷಯ ಗೊತ್ತಿಲ್ಲ. 12,000 ಕಿ.ಮೀ.ಗೆ 1,000 ಲೀಟರ್ ಬೇಕು. ಪೆಟ್ರೋಲ್ 103 ರೂಪಾಯಿ ಅಂದರೆ 1,03,000. ಡೀಸೆಲ್ 91 ಅಂದರೆ 91,000. ಇಲ್ಲಿ ಬೆಂಜೇ 12,000 ರೂಪಾಯಿ ಉಳಿಸುತ್ತದೆ. ಖುಷಿಯಾಯಿತಾ?

ಈಗ ಇನ್ಶೂರೆನ್ಸ್. ಕಡ್ಡಾಯದ ಥರ್ಡ್ ಪಾರ್ಟಿ ಕಂತು 1000ದಿಂದ 1500 ಸಿಸಿವರೆಗೆ ವರ್ಷಕ್ಕೆ 3,416 ರೂಪಾಯಿ. 1500 ಸಿಸಿ ದಾಟಿದರೆ 7,897. ಸಿಟಿ 1498 ಸಿಸಿ, ಬೆಂಜ್ 2143 ಸಿಸಿ. ಮೇಲೆ ಜಿಎಸ್‌ಟಿ. ಇದೂ ದೊಡ್ಡ ಮಾತಲ್ಲ. ದೊಡ್ಡ ಮಾತು ಝೀರೊ ಡೆಪ್, ಅಂದರೆ ಸವಕಳಿ ಕಳೆಯದೆ ಹಣ ಕೊಡುವ ಪಾಲಿಸಿ. ಹನ್ನೆರಡು ವರ್ಷದ ಕಾರಿಗೆ ಅದು ಸಿಗುವುದು ಕಷ್ಟ. ಯಾರೋ ಬಂದು ಹೆಡ್‌ಲೈಟಿಗೆ ಗುದ್ದಿದರು ಅಂದುಕೊಳ್ಳಿ. ಸವಕಳಿ ಕಳೆದು ಉಳಿದದ್ದನ್ನಷ್ಟೇ ಕಂಪನಿ ಕೊಡುತ್ತದೆ, ಮಿಕ್ಕಿದ್ದು ನಿಮ್ಮ ಜೇಬಿನಿಂದ.

ನಂತರ ಸರ್ವಿಸ್. ಸಿಟಿಗೆ ವರ್ಷಕ್ಕೆ ಎಂಟು ಹತ್ತು ಸಾವಿರ ಇಡಿ. ಬೆಂಜಿಗೆ ಹೊರಗಿನ ಒಳ್ಳೆಯ ಗ್ಯಾರೇಜಿನಲ್ಲಿ ಮಾಡಿಸಿದರೂ ಇಪ್ಪತ್ತು ಸಾವಿರ. ಅದರ ಜೊತೆಗೆ ‘ಏನಾದರೂ ಬಂದರೆ’ ಅಂತ ವರ್ಷಕ್ಕೆ ಒಂದು ಲಕ್ಷ ಬೇರೆ ಖಾತೆಯಲ್ಲಿಡಬೇಕು. ಒಂದು ವರ್ಷ ಏನೂ ಬರುವುದಿಲ್ಲ. ಮುಂದಿನ ವರ್ಷ ಎರಡೂವರೆ ಬರುತ್ತದೆ.

ಇನ್ನೊಂದು ವಿಷಯ. ನಂಬರ್ ಕೆಎ ನಾ, ಬೇರೆಯದಾ?

ಕೊಪ್ಪದ ಮಗ

ಡಿಎಲ್, ಅಂದರೆ ಡೆಲ್ಲಿ ನಂಬರ್ ಮೇಷ್ಟ್ರೇ. ಎನ್‌ಒಸಿ ಇದೆ, ಕೆಎ ಮಾಡಿಸಿಕೊಳ್ಳುವುದು ಸುಲಭ ಅಂತಾರೆ ಡೀಲರ್.

ಲೆಕ್ಕದ ಮೇಷ್ಟ್ರು

ಹಾಗೇ ಅಂದುಕೊಂಡೆ. 9.5 ಲಕ್ಷ ಯಾಕೆ ಅಂತ ಈಗ ತಿಳಿಯಿತು.

ಡೆಲ್ಲಿಯಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ ಹಸಿರು ನ್ಯಾಯಮಂಡಳಿ 2015ರಲ್ಲೇ ನಿರ್ಬಂಧ ಹಾಕಿತು. 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಹಾಗಾಗಿ ಅಲ್ಲಿ ಬೆಲೆ ಬಿದ್ದ ಕಾರುಗಳು ದಕ್ಷಿಣಕ್ಕೆ ಬರುತ್ತವೆ. ಅದೇನೂ ತಪ್ಪಲ್ಲ. ಆದರೆ ಕರ್ನಾಟಕದಲ್ಲಿ ನೋಂದಣಿ ಮಾಡಿಸುವಾಗ ಜೀವಿತಾವಧಿ ತೆರಿಗೆ ಕಟ್ಟಬೇಕು. ಅದನ್ನು ಲೆಕ್ಕ ಹಾಕುವುದು ನೀವು ಕೊಟ್ಟ 9.5 ಲಕ್ಷದ ಮೇಲೆ ಅಲ್ಲ, ಹೊಸದಾಗಿದ್ದಾಗಿನ ಬೆಲೆಯ ಮೇಲೆ. ಆಗ ಅದು 35 ಲಕ್ಷದ ಆಸುಪಾಸಿನ ಕಾರು. ನಮ್ಮಲ್ಲಿ 20 ಲಕ್ಷ ದಾಟಿದ ಕಾರಿಗೆ ತೆರಿಗೆ ಶೇ 18, ಮೇಲೆ ಸೆಸ್. ಗಾಡಿಗೆ ಎಷ್ಟು ವಯಸ್ಸಾಗಿದೆಯೋ ಅಷ್ಟು ಕಡಿತ ಸಿಗುತ್ತದೆ ನಿಜ. ಉಳಿದದ್ದನ್ನು ಕೇಳಿದರೂ ಬಾಯಿ ಒಣಗುತ್ತದೆ. ಆರ್‌ಟಿಒಗೆ ಹೋಗಿ ಬರೆಸಿಕೊಂಡು ಬನ್ನಿ. ಡೀಲರ್ ಬಾಯಿಮಾತು ನಂಬಬೇಡಿ.

2028ಕ್ಕೆ ಗಾಡಿಗೆ 15 ವರ್ಷ ತುಂಬುತ್ತದೆ. ಆಗ ಮರುನೋಂದಣಿ. 2022ರ ಏಪ್ರಿಲ್‌ನಿಂದ ಅದರ ಶುಲ್ಕ 600ರಿಂದ 5,000ಕ್ಕೆ ಏರಿದೆ. ಜೊತೆಗೆ ಹಸಿರು ತೆರಿಗೆ, ಎಫ್‌ಸಿಗೆ ಓಡಾಟ. ಐದು ವರ್ಷಕ್ಕೊಮ್ಮೆ ಇದೇ ಕಥೆ.

ಕುಡ್ಲದ ಡ್ರೈವರ್

ಮೇಷ್ಟ್ರೇ, ನಿಮ್ಮ ಲೆಕ್ಕ ಸರಿ. ಆದರೆ ಎಲ್ಲವನ್ನೂ ಲೆಕ್ಕದಲ್ಲೇ ನೋಡಿದರೆ ಯಾರೂ ಮದುವೆನೂ ಆಗುತ್ತಿರಲಿಲ್ಲ.

ನಾನು ಹಳೇ ಜರ್ಮನ್ ಕಾರು ಇಟ್ಟುಕೊಂಡು ಆರು ವರ್ಷ ಆಯಿತು. ಯಾವುದು ಅಂತ ಹೇಳುವುದಿಲ್ಲ, ಅದರ ಮೇಲೆ ದೂರು ಹೇಳುವುದಿದೆ. ಮೊದಲು ಒಳ್ಳೆಯದು. ಈ ಬೆಂಜನ್ನೇ ತಗೊಳ್ಳಿ. ಶಕ್ತಿ 170 ಪಿಎಸ್, ಎಳೆಯುವ ಬಲ 400 ಎನ್‌ಎಂ. ಸಿಟಿ 121 ಪಿಎಸ್, 145 ಎನ್‌ಎಂ. ಬೆಂಜಿನ ತೂಕ 400 ಕೆಜಿ ಜಾಸ್ತಿ, ಒಪ್ಪಿದೆ. ಆದರೂ ಶಿರಾಡಿಯಲ್ಲಿ ಲಾರಿ ಹಿಂದೆ ತೆವಳುತ್ತಾ ಬಂದು ಜಾಗ ಸಿಕ್ಕಾಗ ಒಮ್ಮೆ ಒತ್ತಿ ನೋಡಿ. ಡೀಸೆಲ್ ಎಂಜಿನ್ ಗಲಾಟೆ ಇಲ್ಲದೆ ಎಳೆದುಕೊಂಡು ಹೋಗುತ್ತದೆ. ಸಿವಿಟಿ ಅಂದರೆ ಮೊದಲು ಕಿರುಚುತ್ತದೆ, ಆಮೇಲೆ ಹೋಗುತ್ತದೆ.

ಸ್ಟೀರಿಂಗ್ ತಿರುಗಿಸುವುದು ಮುಂದಿನ ಗಾಲಿ, ತಳ್ಳುವುದು ಹಿಂದಿನ ಗಾಲಿ. ತಿರುವಿನಲ್ಲಿ ಆ ವ್ಯತ್ಯಾಸ ಕೈಗೇ ತಿಳಿಯುತ್ತದೆ. ಬಾಗಿಲು ಹಾಕುವ ಸದ್ದೊಂದು ಸಾಕು. ತಿಜೋರಿ ಮುಚ್ಚಿದ ಹಾಗೆ.

ಈಗ ದೂರು. ಮಳೆಗಾಲದಲ್ಲಿ ಒಂದು ರಾತ್ರಿ ಸಕಲೇಶಪುರ ದಾಟಿದ ಮೇಲೆ ಡ್ಯಾಶ್‌ಬೋರ್ಡಿನಲ್ಲಿ ಆರು ದೀಪ ಒಟ್ಟಿಗೆ ಹತ್ತಿಕೊಂಡವು. ದೀಪಾವಳಿಗೆ ಇನ್ನೂ ಮೂರು ತಿಂಗಳಿತ್ತು. ಗಾಡಿ 40ಕ್ಕಿಂತ ಮೇಲೆ ಹೋಗಲಿಲ್ಲ. ಹತ್ತಿರದ ಗ್ಯಾರೇಜಿನವನು ಬಾನೆಟ್ ಎತ್ತಿ ನೋಡಿ, ‘ಅಣ್ಣಾ, ಇದಕ್ಕೆ ಲ್ಯಾಪ್‌ಟಾಪ್ ಬೇಕು’ ಅಂದು ಟೀ ಕುಡಿಸಿ ಕಳಿಸಿದ. ಕಾರನ್ನು ಲಾರಿ ಮೇಲೆ ಏರಿಸಿ ಮಂಗಳೂರಿಗೆ ತಂದದ್ದಕ್ಕೇ ಹದಿನಾಲ್ಕು ಸಾವಿರ. ಕೆಟ್ಟಿದ್ದು ಹೆಬ್ಬೆರಳಿನಷ್ಟು ದೊಡ್ಡ ಒಂದು ಸೆನ್ಸರ್.

ಆದರೂ ಮಾರಿಲ್ಲ.

ಹಾಸನ ಬೈಪಾಸ್

‘ಆದರೂ ಮಾರಿಲ್ಲ’. ಇದೊಂದು ಕಾಯಿಲೆ ಸ್ವಾಮಿ.

ಗ್ರೀಸ್ ಕೈ

ಇಪ್ಪತ್ತೆರಡು ವರ್ಷದಿಂದ ಮೆಕ್ಯಾನಿಕ್ ಕೆಲಸ. ಹೊರಗಿನ ಗ್ಯಾರೇಜು, ಜರ್ಮನ್ ಗಾಡಿಗಳೇ ಜಾಸ್ತಿ. ಹೇಳುವುದಿಷ್ಟು.

ಕಾರಿನ ಬೆಲೆ ಇಳಿದಿದೆ. ಗಾಲಿ ಜೋಡಣೆಯ ರಬ್ಬರು ಬುಷ್‌ನ ಬೆಲೆ ಇಳಿದಿಲ್ಲ. ನಿಮ್ಮ ಬೆಂಜಿನ ಎಂಜಿನ್ ಒಎಂ651. ಕಬ್ಬಿಣದಂಥ ಎಂಜಿನ್, ಸರಿಯಾಗಿ ನೋಡಿಕೊಂಡರೆ ಮೂರು ಲಕ್ಷ ಕಿ.ಮೀ. ಓಡಿದ್ದನ್ನೂ ನೋಡಿದ್ದೇನೆ. ಆದರೆ ಅದರ ಟೈಮಿಂಗ್ ಚೈನ್, ಅಂದರೆ ವಾಲ್ವ್‌ಗಳನ್ನು ತಾಳಕ್ಕೆ ಓಡಿಸುವ ಸರಪಳಿ, ಇರುವುದು ಹಿಂಬದಿಯಲ್ಲಿ, ಗೇರ್‌ಬಾಕ್ಸ್ ಕಡೆಗೆ. ಚೈನ್ ಸದ್ದು ಶುರುವಾದರೆ ಸಣ್ಣ ಕೆಲಸ ಅಲ್ಲ. ಹಾಗಾಗಿ ಕಾರು ನೋಡಲು ಬೆಳಿಗ್ಗೆ ಹೋಗಿ. ‘ಸ್ಟಾರ್ಟ್ ಮಾಡಿಡಬೇಡಿ, ನಾನೇ ಮಾಡುತ್ತೇನೆ’ ಅಂತ ಮೊದಲೇ ಹೇಳಿ. ತಣ್ಣಗಿರುವ ಎಂಜಿನ್ ಮೊದಲ ಎರಡು ಸೆಕೆಂಡಿನಲ್ಲಿ ಎಲ್ಲ ಸತ್ಯ ಹೇಳಿಬಿಡುತ್ತದೆ. ನೀವು ಹೋಗುವಷ್ಟರಲ್ಲಿ ಬಾನೆಟ್ ಬಿಸಿಯಾಗಿದ್ದರೆ ವಾಪಸ್ ಬನ್ನಿ.

ಈ ಪೀಳಿಗೆಯ ಸಿ ಕ್ಲಾಸಿನಲ್ಲಿ ಲೋಕಕ್ಕೇ ಗೊತ್ತಿರುವ ಇನ್ನೊಂದು ಸಮಸ್ಯೆ ಸ್ಟೀರಿಂಗ್ ಲಾಕ್. ಒಳಗೊಂದು ಪುಟ್ಟ ಮೋಟರ್ ಇದೆ. ಅದು ಸತ್ತರೆ ಕೀ ತಿರುಗುವುದಿಲ್ಲ, ಗಾಡಿ ಸ್ಟಾರ್ಟ್ ಆಗುವುದಿಲ್ಲ. ಮುಂಚೆ ಸೂಚನೆ ಕೊಡುವುದೂ ಕಮ್ಮಿ. ಬದಲಿಸಿದ್ದಾರಾ ಅಂತ ಕೇಳಿ.

78,000 ಕಿ.ಮೀ. ಅನ್ನುವುದನ್ನೂ ನಂಬಬೇಡಿ. ಬ್ರೇಕ್ ಪೆಡಲ್ ರಬ್ಬರು, ಸ್ಟೀರಿಂಗ್ ಚರ್ಮ, ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು ನೋಡಿ. ಟೈರಿನ ಮೇಲೆ ನಾಲ್ಕು ಅಂಕಿ ಇರುತ್ತದೆ. 2316 ಅಂದರೆ 2016ರ 23ನೇ ವಾರದ್ದು. ಸ್ಕ್ಯಾನರ್ ಹಾಕಿಸಿ. ಮೀಟರ್ ತಿರುಗಿಸುವವರು ಕಾರಿನ ಬೇರೆ ಕಂಪ್ಯೂಟರ್ ಯೂನಿಟ್‌ಗಳಲ್ಲಿ ದಾಖಲಾದ ಕಿ.ಮೀ. ತಿದ್ದಲು ಎಷ್ಟೋ ಸಲ ಮರೆತಿರುತ್ತಾರೆ.

ಟೈರು ದುಬಾರಿ ಅಂತ ಹೆದರಿಸುವವರ ಮಾತು ಕೇಳಬೇಡಿ. 16 ಇಂಚಿನ ಗಾಲಿ ಇದ್ದರೆ ಅಳತೆ 205/55. ಸ್ಕೋಡಾ ಸ್ಲಾವಿಯಾದ ಮೇಲಿನ ಮಾಡೆಲ್ಲಿಗೂ ಅದೇ ಟೈರು. ಜೆ.ಸಿ. ರಸ್ತೆಯಲ್ಲಿ ಬೇಕಾದಷ್ಟು ಸಿಗುತ್ತದೆ.

ಸಿಟಿಗೆ ನಾನು ಹೇಳುವುದು ಎರಡೇ. ಸಿವಿಟಿ ಆಯಿಲ್ ಬದಲಿಸಿದ ಬಿಲ್ ಕೇಳಿ. ಕೆಳಗೆ ಬಗ್ಗಿ ಹೊಟ್ಟೆ ಉಜ್ಜಿದೆಯಾ ನೋಡಿ. ಅಷ್ಟೇ. ಆ ಗಾಡಿಯಿಂದ ನಮ್ಮಂಥವರ ಹೊಟ್ಟೆ ತುಂಬುವುದಿಲ್ಲ.

ಸ್ಟುಟ್‌ಗಾರ್ಟ್ ಕನ್ನಡತಿ

ಈ ಚರ್ಚೆ ಓದಿ ನಗು ಬಂತು. ನಾನಿರುವುದು ಆ ಕಾರಿನ ತವರು ಜರ್ಮನಿಯಲ್ಲಿ. ಸಿ ಕ್ಲಾಸ್ ತಯಾರಾಗುತ್ತಿದ್ದ ಸಿಂಡೆಲ್ಫಿಂಗೆನ್ ಇಲ್ಲಿಂದ ಅರ್ಧ ಗಂಟೆ. ಇಲ್ಲಿ ವಿಮಾನ ನಿಲ್ದಾಣದಿಂದ ಮನೆಗೆ ಬರಲು ಟ್ಯಾಕ್ಸಿ ಹಿಡಿದರೆ ಬರುವುದೇ ಬೆಂಜ್. ಕೆನೆ ಬಣ್ಣದ ಇ ಕ್ಲಾಸ್. ಅಮ್ಮ ಮೊದಲ ಸಲ ಬಂದಾಗ ‘ಇಷ್ಟು ದೊಡ್ಡ ಕಾರು ಯಾಕೆ ಕರೆಸಿದೆ, ಆಟೊ ಸಿಗಲಿಲ್ವಾ’ ಅಂತ ಬೈದಿದ್ದರು.

ಇಲ್ಲಿ ಹಳೇ ಸಿ ಕ್ಲಾಸ್ ಅಂದರೆ ಶ್ರೀಮಂತರ ಗುರುತಲ್ಲ. ಪಕ್ಕದ ಮನೆಯ ನಿವೃತ್ತ ಅಜ್ಜ ಇಟ್ಟುಕೊಂಡಿರುತ್ತಾರೆ. ಆದರೆ ಎರಡು ವರ್ಷಕ್ಕೊಮ್ಮೆ ಟಿಯುವಿ ತಪಾಸಣೆ ಕಡ್ಡಾಯ. ಬುಷ್ ಸಡಿಲ, ಎಣ್ಣೆ ಸೋರಿಕೆ, ತುಕ್ಕು ಏನೇ ಇದ್ದರೂ ಚೀಟಿ ಸಿಗುವುದಿಲ್ಲ, ರಿಪೇರಿ ಮಾಡಿಸಿಕೊಂಡು ಬಾ ಅಂತಾರೆ. ಹಾಗಾಗಿ ಇಲ್ಲಿ ಹಳೇ ಕಾರು ಅಂದರೆ ನೋಡಿಕೊಂಡಿರುವ ಕಾರು. ಭಾರತದಲ್ಲಿ ಸ್ವಂತ ಕಾರಿಗೆ 15 ವರ್ಷದವರೆಗೆ ಕೇಳುವವರೇ ಇಲ್ಲ, ಅಲ್ವಾ? ‘ಬೆಂಜ್ ಗಟ್ಟಿ’ ಅನ್ನುವ ಮಾತಿನ ಹಿಂದೆ ಈ ತಪಾಸಣೆಯೂ ಇದೆ. ಅದು ಕಾರಿನ ಜೊತೆ ಹಡಗು ಹತ್ತಿ ಬರುವುದಿಲ್ಲ.

ಕುಡ್ಲದ ಡ್ರೈವರ್

ಸಣ್ಣ ತಿದ್ದುಪಡಿ ಅಕ್ಕ. ನಮ್ಮಲ್ಲಿ ಮಾರಿದ ಸಿ ಕ್ಲಾಸ್ ಜೋಡಣೆಯಾಗಿದ್ದು ಪುಣೆ ಹತ್ತಿರದ ಚಾಕಣದಲ್ಲಿ. ಹಡಗು ಹತ್ತಿದ್ದು ಬಿಡಿಭಾಗ. ಉಳಿದ ಮಾತು ಒಪ್ಪಿದೆ.

ಹುಬ್ಬಳ್ಳಿ ಹೈವೇ

ನನ್ನದೊಂದು ಬೇರೆ ಪ್ರಶ್ನೆ ರೀ. ಹಳೇ ಬೆಂಜ್ ಯಾಕೆ ಅಂತ ಕೇಳಿದರೆ ಎಲ್ಲರೂ ‘ಸೇಫ್ಟಿ’ ಅಂತಾರೆ. ಅದನ್ನು ಸ್ವಲ್ಪ ನೋಡೋಣ.

ಬ್ರೇಕ್ ಒತ್ತಿದಾಗ ಗಾಲಿ ಲಾಕ್ ಆಗದಂತೆ ತಡೆಯುವ ಎಬಿಎಸ್ಸನ್ನು 1978ರಲ್ಲಿ ಎಸ್ ಕ್ಲಾಸಿಗೆ ಹಾಕಿದವರು ಅವರು. ಗಾಡಿ ಜಾರದಂತೆ ಹಿಡಿಯುವ ಇಎಸ್‌ಪಿ ತಂದಿದ್ದು 1995ರಲ್ಲಿ. ಈ ಸಿ ಕ್ಲಾಸಿಗೆ 2009ರಲ್ಲಿ ಕಾರುಗಳನ್ನು ಗುದ್ದಿಸಿ ಪರೀಕ್ಷಿಸುವ ಯುರೊ ಎನ್‌ಕ್ಯಾಪ್ ಐದು ಸ್ಟಾರ್ ಕೊಟ್ಟಿದೆ. ಎಲ್ಲ ನಿಜ. ಆದರೆ 2009ರ ಪರೀಕ್ಷೆ ಬೇರೆ, ಈಗಿನದು ಬೇರೆ. 1978ರ ದೊಡ್ಡ ಸುದ್ದಿ ಇವತ್ತು ಎಲ್ಲ ಕಾರಿನಲ್ಲೂ ಇದೆ. ಸಿಟಿಯ ಸಾಲಿನ ಸ್ಲಾವಿಯಾ, ವರ್ಟಸ್, ವರ್ನಾ ಮೂರೂ ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ ಐದು ಸ್ಟಾರ್ ತಗೊಂಡಿವೆ. 2023ರಿಂದ ಪೆಟ್ರೋಲ್ ಸಿಟಿಯಲ್ಲಿ ಮುಂದಿನ ಗಾಡಿ ಹತ್ತಿರ ಬಂದರೆ ತಾನೇ ಬ್ರೇಕ್ ಹಾಕುವ ವ್ಯವಸ್ಥೆ ಬಂದಿದೆ. ನೀವು ನೋಡಿದ 2021ರದ್ದರಲ್ಲಿ ಇಲ್ಲ, ಅದೂ ಗೊತ್ತಿರಲಿ. ಹನ್ನೆರಡು ವರ್ಷ ಬಿಸಿಲಿಗೆ ನಿಂತ ಬೆಂಜಿನ ವೈರಿಂಗು, ಏರ್‌ಬ್ಯಾಗು ಹೇಗಿದೆ ಅಂತ ಯಾರು ಹೇಳುತ್ತಾರೆ?

ಇನ್ನು ಪಿಕಪ್. ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇ 118 ಕಿ.ಮೀ. ಇದೆ. ಮಿತಿ 100, ಉದ್ದಕ್ಕೂ ಕ್ಯಾಮೆರಾ. ಅಲ್ಲಿ 400 ಎನ್‌ಎಂ ಇಟ್ಟುಕೊಂಡು ಏನು ಮಾಡ್ತೀರಿ?

ಹಾಸನ ಬೈಪಾಸ್

ಆ ರಸ್ತೆ ಬಿಡದಿಯನ್ನು ತಪ್ಪಿಸಿಕೊಂಡು ಹೋಗುತ್ತದೆ. ಬೆಂಜ್ ಇರಲಿ, ಸಿಟಿ ಇರಲಿ, ತಟ್ಟೆ ಇಡ್ಲಿ ಇಲ್ಲ. ನನಗೆ ಇದೇ ದೊಡ್ಡ ನಷ್ಟ.

ತುಮಕೂರು ಟರ್ಬೊ

ಪೆಟ್ರೋಲ್ ಬೆಂಜ್ ನೋಡುತ್ತಿರುವವರಿಗೂ ಒಂದು ಮಾತು, ಸಿ 200 ಸಿಜಿಐ ಕೂಡ ಮಾರುಕಟ್ಟೆಯಲ್ಲಿ ಜಾಸ್ತಿ ಇದೆ. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ಶೇ 20 ಎಥೆನಾಲ್. ಹಳೇ ಕಾರಿನ ರಬ್ಬರು, ಸೀಲು ಅದಕ್ಕೆ ಅಂತ ಮಾಡಿದ್ದಲ್ಲ. ಡೀಸೆಲ್ಲಿಗೆ ಆ ತಲೆನೋವು ಇಲ್ಲ. ಈ ವಿಷಯದಲ್ಲಿ ಕೊಪ್ಪದವರ ಆಯ್ಕೆ ಸರಿ ಇದೆ.

ಒಂದು ನೆನಪು. 1998ರಲ್ಲಿ ಸಿಟಿ ಮೊದಲು ಬಂದಾಗ ನಮ್ಮೂರಿನಲ್ಲಿ ಅದೇ ಬೆಂಜ್. ಅಡಿಕೆ ಮಂಡಿಯವರೊಬ್ಬರು ತಂದಿದ್ದರು. ಅದನ್ನು ನೋಡಲು ನಾವು ಸೈಕಲ್ ತುಳಿದುಕೊಂಡು ಹೋಗಿದ್ದೆವು. ಇವತ್ತು ಅದನ್ನು ‘ದಿನಬಳಕೆ ಕಾರು’ ಅನ್ನುತ್ತಿದ್ದೇವೆ.

ಕೊಪ್ಪದ ಮಗ

ಎಲ್ಲರಿಗೂ ಥ್ಯಾಂಕ್ಸ್. ಅಪ್ಪ ಅಮ್ಮ ಬೆಂಗಳೂರಿಗೆ ಬಂದಿದ್ದರು. ಶನಿವಾರ ಇಬ್ಬರನ್ನೂ ಎರಡು ಕಾರಿನಲ್ಲೂ ಕೂರಿಸಿದೆ. ನಾನು ಅಂದುಕೊಂಡ ಹಾಗೆ ಆಗಲಿಲ್ಲ.

ಮೊದಲು ಬೆಂಜ್. ಅಪ್ಪ ಬಾಗಿಲು ಹಾಕಿದರು. ಮತ್ತೆ ತೆಗೆದು ಮತ್ತೆ ಹಾಕಿದರು. ಮುಖದಲ್ಲಿ ನಗು. ಅರ್ಧ ಗಂಟೆ ಓಡಿಸಿದೆ. ಗುಂಡಿ ಬಂದರೂ ‘ಧಡ್’ ಅನ್ನುವುದಿಲ್ಲ, ‘ದುಂ’ ಅನ್ನುತ್ತದೆ ಅಷ್ಟೇ. ಆದರೆ ಇಳಿಯುವಾಗ ಅಪ್ಪನಿಗೆ ಏಳಲು ಆಗಲಿಲ್ಲ. ಸೀಟು ಅಷ್ಟು ಕೆಳಗೆ. ಒಂದು ಕೈ ನಾನು ಹಿಡಿದೆ, ಇನ್ನೊಂದು ಕೈ ಡೀಲರ್ ಹುಡುಗ ಹಿಡಿದ.

ಹಿಂದೆ ಅಮ್ಮ, ಹೆಂಡತಿ, ಮಗಳು. ಮಧ್ಯ ಕೂತ ಮಗಳ ಕಾಲು ಎಲ್ಲಿಡುವುದು ಅಂತ ಗೊತ್ತಾಗಲಿಲ್ಲ, ನಡುವೆ ದೊಡ್ಡ ದಿಬ್ಬ. ಅಮ್ಮನ ಮಂಡಿ ಮುಂದಿನ ಸೀಟಿಗೆ ತಾಗುತ್ತಿತ್ತು. ಬೆಂಜಿನ ವೀಲ್‌ಬೇಸ್ (ಮುಂದಿನ, ಹಿಂದಿನ ಗಾಲಿಗಳ ನಡುವಿನ ಅಂತರ) 2760 ಮಿ.ಮೀ., ಸಿಟಿಯದು 2600. ಹಾಗಿದ್ದರೂ ಹಿಂದೆ ಕಾಲಿಗೆ ಜಾಗ ಸಿಟಿಯಲ್ಲೇ ಜಾಸ್ತಿ! ಡಿಕ್ಕಿಯೂ ಹಾಗೇ, ಸಿಟಿಯದು 506 ಲೀಟರ್, ಬೆಂಜಿನದು 475. ಯಾಕೆ ಹೀಗೆ?

ಗ್ರೀಸ್ ಕೈ

ಬೆಂಜಿನಲ್ಲಿ ಎಂಜಿನ್ ಉದ್ದಕ್ಕೆ ಮಲಗಿದೆ. ಅದರ ಹಿಂದೆ ಗೇರ್‌ಬಾಕ್ಸ್, ಅಲ್ಲಿಂದ ಹಿಂದಿನ ಗಾಲಿವರೆಗೆ ಶಾಫ್ಟ್. ನಿಮ್ಮ ಮಗಳ ಕಾಲಿಗೆ ಸಿಕ್ಕಿದ ದಿಬ್ಬದ ಕೆಳಗೆ ಓಡುವುದು ಅದೇ ಶಾಫ್ಟ್. ಸಿಟಿಯಲ್ಲಿ ಎಂಜಿನ್ ಅಡ್ಡಕ್ಕಿದೆ, ಗೇರ್‌ಬಾಕ್ಸ್ ಪಕ್ಕದಲ್ಲಿ, ಎಳೆಯುವುದು ಮುಂದಿನ ಗಾಲಿ. ಉಳಿದ ಜಾಗವೆಲ್ಲ ಜನಕ್ಕೆ. ಕುಡ್ಲದವರು ತಿರುವಿನ ಸುಖ ಅಂದರಲ್ಲ, ಅದಕ್ಕೆ ಹಿಂದೆ ಕೂತವರು ಬಾಡಿಗೆ ಕಟ್ಟುತ್ತಾರೆ.

ತಪಾಸಣೆ ಮಾಡಿಸಿದಿರಾ?

ಕೊಪ್ಪದ ಮಗ

ಹೊರಗಿನ ಮೆಕ್ಯಾನಿಕ್ ಕರೆದುಕೊಂಡು ಬರುತ್ತೇನೆ ಅಂದೆ. ಡೀಲರ್ ‘ನಮ್ಮ ಯಾರ್ಡಿನಲ್ಲೇ ಚೆಕ್ ಮಾಡಿಸಿದ ರಿಪೋರ್ಟ್ ಇದೆ ಸಾರ್’ ಅಂದರು. ಸ್ಕ್ಯಾನರ್ ಅಂದ ತಕ್ಷಣ ದನಿ ಬದಲಾಯಿತು. ಬೆಳಿಗ್ಗೆ ಏಳಕ್ಕೇ ಹೋಗಿದ್ದೆ. ಬಾನೆಟ್ ಮುಟ್ಟಿ ನೋಡಿದೆ. ಬಿಸಿ ಇತ್ತು.

ಕೊನೆಗೆ ಒಪ್ಪಿದರು. 2019ರ ಸರ್ವಿಸ್ ಬಿಲ್ಲೊಂದು ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಸಿಕ್ಕಿತು. ಅದರಲ್ಲೇ 96,000 ಕಿ.ಮೀ. ಬರೆದಿದೆ! ಈಗ ಮೀಟರಿನಲ್ಲಿ 78,000. ತೋರಿಸಿದರೆ ‘ಟೈಪಿಂಗ್ ಮಿಸ್ಟೇಕ್ ಇರಬೇಕು’ ಅಂದರು. ಎಂಜಿನ್ ಚೆನ್ನಾಗಿದೆ, ಚೈನ್ ಸದ್ದಿಲ್ಲ ಅಂತ ನಮ್ಮ ಮೆಕ್ಯಾನಿಕ್ ಹೇಳಿದರು. ಎಂಜಿನ್ ಮೌಂಟ್, ಮುಂದಿನ ಬುಷ್‌ಗಳು, ಎರಡು ಶಾಕ್ ಅಬ್ಸಾರ್ಬರ್ ಹೋಗಿವೆ. ಸ್ಟೀರಿಂಗ್ ಲಾಕ್ ಇನ್ನೂ ಹಳೆಯದೇ. ಒಟ್ಟು 1.6 ಲಕ್ಷದ ಪಟ್ಟಿ ಬರೆದುಕೊಟ್ಟರು. ಮೇಷ್ಟ್ರು ಹೇಳಿದ ತೆರಿಗೆ ಬೇರೆ.

ಲೆಕ್ಕದ ಮೇಷ್ಟ್ರು

ಅಲ್ಲಿಗೆ ನಿಮ್ಮ 9.5 ಲಕ್ಷ ಸಿಟಿಯ 11 ಲಕ್ಷವನ್ನು ದಾಟಿ ಮುಂದೆ ಹೋಯಿತು. ಇನ್ನೂ ಕಾರು ಮನೆಗೆ ಬಂದಿಲ್ಲ.

ಕುಡ್ಲದ ಡ್ರೈವರ್

ಮೀಟರ್ ತಿರುಗಿಸಿದ್ದನ್ನು ನಾನೂ ಸಮರ್ಥಿಸುವುದಿಲ್ಲ. ಬಿಡಿ ಅದನ್ನು. ಕೆಎ ನಂಬರಿನ, ದಾಖಲೆ ಪೂರ್ತಿ ಇರುವ ಬೇರೆ ಬೆಂಜ್ ಹುಡುಕೋಣ. ಎರಡು ಲಕ್ಷ ಜಾಸ್ತಿಯಾದರೂ ಪರವಾಗಿಲ್ಲ.

ಕೊಪ್ಪದ ಮಗ

ಬೇಡ ಅಣ್ಣ. ಸಿಟಿಗೆ ಅಡ್ವಾನ್ಸ್ ಕೊಟ್ಟೆ. 10.7 ಲಕ್ಷಕ್ಕೆ ಇಳಿಸಿದರು. ಸರ್ವಿಸ್ ದಾಖಲೆ ಪೂರ್ತಿ ಇದೆ, ಸಿವಿಟಿ ಆಯಿಲ್ ಬದಲಿಸಿದ್ದಾರೆ. ಕೆಳಗೆ ಹಂಪ್ ತಾಗಿದ ಗೀರು ಒಂದಿದೆ, ಅಷ್ಟೇ.

ಅಪ್ಪ ಅದರಿಂದ ತಾವೇ ಇಳಿದರು. ನನಗೆ ಅಷ್ಟು ಸಾಕಾಯಿತು. ಬಾಗಿಲು ಮಾತ್ರ ಎರಡನೇ ಸಲ ಹಾಕಿ ನೋಡಲಿಲ್ಲ ಅವರು.

ಹಾಸನ ಬೈಪಾಸ್

ಮೊದಲ ದಿನವೇ ಹೇಳಿದ್ದೆ. ಹೆಂಡತಿ.

ಗ್ರೀಸ್ ಕೈ

ಒಳ್ಳೆಯದಾಯಿತು. ಅಂದಹಾಗೆ, ಎಂಜಿನ್ ಚೆನ್ನಾಗಿದೆ, ಚೈನ್ ಸದ್ದಿಲ್ಲ ಅಂದಿರಲ್ಲ, ಆ ಬಿಳಿ ಬೆಂಜ್ ಇನ್ನೂ ಯಾರ್ಡಿನಲ್ಲೇ ಇದೆಯಾ? ಮೌಂಟು, ಬುಷ್ಷು ನಾನೇ ಹಾಕಿಕೊಳ್ಳುತ್ತೇನೆ, ಕೂಲಿ ಉಳಿಯುತ್ತದೆ. ಆ 2019ರ ಬಿಲ್ಲಿನ ಫೋಟೊ ಇದ್ದರೆ ಇನ್‌ಬಾಕ್ಸಿಗೆ ಕಳಿಸಿ. ರೇಟು ಮಾತಾಡುವಾಗ ಬೇಕಾಗುತ್ತದೆ.